ನಂಬರ್ ಒಂದೇ ಇದ್ದರೆ ಮದ್ದೂ ಒಂದೇನಾ?

ಹೊಸಬ: .270 ವಿಂಚೆಸ್ಟರ್ ರೈಫಲ್‌ಗೆ ನಾನೇ ತೋಟಾ ತುಂಬಲು ಶುರು ಮಾಡಿದ್ದೇನೆ. 130 ಗ್ರೇನ್ ತೂಕದ ಗುಂಡು, ಜಿಂಕೆ ಬೇಟೆಗೆ. ಕೋವಿಮದ್ದಿನಲ್ಲಿ ಎಚ್4831 ಒಳ್ಳೆಯದಾ, 4350 ಒಳ್ಳೆಯದಾ?

ಹಳೇ ಕೋವಿ: ಕಣ್ಮುಚ್ಚಿ 4350 ತಗೊಳ್ಳಿ. ಐಎಂಆರ್ ಕಂಪನಿಯದಾದರೂ ಸರಿ, ಹಾಜ್‌ಡನ್ ಕಂಪನಿಯ ಎಚ್ ಆದರೂ ಸರಿ. ಡಬ್ಬಿ ಬೇರೆ, ಮದ್ದು ಒಂದೇ.

ತಕ್ಕಡಿ: “ಮದ್ದು ಒಂದೇ” ಅಂತ ಯಾರು ಹೇಳಿದರು ಸಾರ್? ಎರಡನ್ನೂ ಬಿಳಿ ಹಾಳೆ ಮೇಲೆ ಸುರಿದು ನೋಡಿ. ಎರಡರ ಕಾಳೂ ಸಣ್ಣ ಕಡ್ಡಿಯ ಹಾಗೆ, ಆದರೆ ಐಎಂಆರ್ ಕಡ್ಡಿ ಉದ್ದ. ಅಳತೆ ಯಂತ್ರದ ಹಿಡಿ ತಿರುಗಿಸಿದರೆ ಕಡ್ಡಿ ಸಿಕ್ಕಿಕೊಂಡು ಕಟಕ್ ಅಂತ ತುಂಡಾಗುತ್ತದೆ. ಎಚ್ ಕಡ್ಡಿ ಗಿಡ್ಡ, ಸಲೀಸಾಗಿ ಇಳಿಯುತ್ತದೆ. ತೋಟಾ ತುಂಬುವ ಮ್ಯಾನುವಲ್‌ನಲ್ಲೂ ಎರಡಕ್ಕೂ ಬೇರೆ ಬೇರೆ ಲೆಕ್ಕ ಇದೆ.

ಹಳೇ ಕೋವಿ: ಉದ್ದ, ಗಿಡ್ಡ ಅಂತ ಮದ್ದಿಗೆ ಹೆಣ್ಣು ನೋಡೋಕೆ ಹೋಗಿದ್ದೀರಾ? 2003ರಲ್ಲಿ ಹಾಜ್‌ಡನ್‌ನವರು ಐಎಂಆರ್ ಕೊಂಡುಕೊಂಡರು. ಒಂದೇ ಮನೆಯ ಮಾಲು.

ಗಾಳಿಗುರಿ: ಎಚ್414, ವಿಂಚೆಸ್ಟರ್ 760 ಎರಡೂ ಒಂದೇ ಮದ್ದು. ಎರಡು ಹೆಸರಲ್ಲಿ ಮಾರುತ್ತಿದ್ದರು. ಹಾಗಾಗಿ ಕೋವಿಯಣ್ಣ ಹೇಳಿದ್ದು ಪೂರ್ತಿ ಸುಳ್ಳಲ್ಲ.

ತಕ್ಕಡಿ: ಅಲ್ಲಿ ನಂಬರ್ ಬೇರೆ, ಮದ್ದು ಒಂದು. ಇಲ್ಲಿ ನಂಬರ್ ಒಂದು, ಮದ್ದು ಬೇರೆ. ಎಚ್4350 ತಯಾರಾಗುವುದು ಆಸ್ಟ್ರೇಲಿಯಾದಲ್ಲಿ. ಅಲ್ಲಿ ಅದನ್ನೇ ಎಆರ್2209 ಅಂತಾರೆ. “ಒಂದೇ ಮನೆ” ಅಂತೆ!

ಗಾಳಿಗುರಿ: ಉರಿಯುವ ವೇಗದ ಪಟ್ಟಿಯಲ್ಲಿ ಎರಡೂ ಹತ್ತಿರ ಹತ್ತಿರವೇ ಇವೆಯಲ್ಲ?

ಬೆಟ್ಟದ ನರಿ: ಪಟ್ಟಿ ಅಂದರೆ ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ ಹಾಗೆ. ಯಾರ ಹಿಂದೆ ಯಾರು ಅಂತ ಗೊತ್ತಾಗುತ್ತೆ, ಎಷ್ಟು ಇಂಚು ವ್ಯತ್ಯಾಸ ಅಂತ ಅಲ್ಲ. ಆಮೇಲೆ ಸೆಕೆಯ ಮಾತು ಯಾರೂ ಎತ್ತಲೇ ಇಲ್ಲ. ಚಳಿಯಲ್ಲಿ ಹದ ಮಾಡಿದ ತೋಟಾ ಬಿಸಿಲಲ್ಲಿ ಜಾಸ್ತಿ ಒತ್ತಡ ಕೊಡಬಹುದು. ಎಚ್4350ಗೆ ಆ ಕಾಟ ಕಡಿಮೆ.

ಹಳೇ ಕೋವಿ: ಬಿಸಿಲಂತೆ, ಚಳಿಯಂತೆ! ವರ್ಷಗಟ್ಟಲೆ ಒಂದರ ಅಳತೆ ಇನ್ನೊಂದಕ್ಕೆ ಹಾಕಿದ್ದೇನೆ. ಹತ್ತು ಬೆರಳೂ ಇವೆ. ಒಂದೆರಡು ಸಲ ಬೋಲ್ಟ್ (ತೋಟಾ ಹಿಂದೆ ಮುಚ್ಚುವ ಭಾಗ) ಬಿಗಿಯಾಯಿತು, ಅಷ್ಟೇ.

ತಕ್ಕಡಿ: “ಅಷ್ಟೇ”ನಾ?! ಬೋಲ್ಟ್ ಎತ್ತೋಕೆ ಕಷ್ಟ ಆಯ್ತು ಅಂದರೆ ಒತ್ತಡ ಮೀರಿದೆ ಅಂತ ಕೋವಿಯೇ ಕೂಗಿ ಹೇಳುತ್ತಿದೆ. ಖಾಲಿ ಕೇಸಿನ (ತೋಟಾದ ಲೋಹದ ಕವಚ) ತಳ ನೋಡಿದ್ದೀರಾ? ಒತ್ತಡ ಮೀರಿದ್ದಕ್ಕೆ ಹೊಳೆಯುವ ದುಂಡು ಗುರುತು ಬಿದ್ದಿತ್ತಾ, ಇಲ್ವಾ?

ಹಳೇ ಕೋವಿ: ನನ್ನ ಕೇಸಿನ ತಳ ನಿಮಗ್ಯಾಕೆ?

ಹೊಸಬ: ಎಚ್4831 ಕಥೆ ಏನಾಯ್ತು?

ಬೆಟ್ಟದ ನರಿ: ಅದು ಇನ್ನೂ ನಿಧಾನವಾಗಿ ಉರಿಯುತ್ತೆ. ಎರಡನೇ ಮಹಾಯುದ್ಧದ ನಂತರ ಮಿಲಿಟರಿಯಲ್ಲಿ ಉಳಿದ ಮಾಲಾಗಿ ಪೇಟೆಗೆ ಬಂದಿದ್ದು. .270ಗೆ ಹಳೇ ಜೊತೆ. ಕೇಸ್ ಚೆನ್ನಾಗಿ ತುಂಬುತ್ತೆ. ಮ್ಯಾನುವಲ್‌ನಲ್ಲಿ ನಿಮ್ಮ ಗುಂಡಿಗೇ ಕೊಟ್ಟಿರುವ ಕನಿಷ್ಠ ಅಳತೆಯಿಂದ ಶುರು ಮಾಡಿ. ಈ ಥ್ರೆಡ್‌ನಿಂದ ಮಾತ್ರ ಬೇಡ.

ಗಾಳಿಗುರಿ: “ಕೇಸ್ ತುಂಬುತ್ತೆ” ಅನ್ನೋದು ಒಂದು ಗುಣಾನಾ? ಬಾಲ್ ಪೌಡರ್ (ದುಂಡು ಕಾಳಿನ ಮದ್ದು) ನೀರಿನ ಹಾಗೆ ಇಳಿಯುತ್ತೆ, ಅದನ್ನು ಕೇಳೋರೇ ಇಲ್ಲ ಇಲ್ಲಿ.

ಹಳೇ ಕೋವಿ: ಇವತ್ತು ನನ್ನ ಎಚ್ ಡಬ್ಬಿಗೆ ಕೆಂಪು ಟೇಪ್ ಸುತ್ತಿ ಬೇರೆ ಕಪಾಟಿಗೆ ಇಟ್ಟಿದ್ದೇನೆ. ಕಪಾಟಲ್ಲಿ ಜಾಗ ಸಾಲಲಿಲ್ಲ, ಅದಕ್ಕೆ. ಮದ್ದು ಬೇರೆ ಅಂತ ಒಪ್ಪಿಕೊಂಡೆ ಅಂದ್ಕೋಬೇಡಿ.