ಮಾಗಡಿ ಕೆರೆಯ ಹಕ್ಕಿಗಳಿಗೆ ಹಳೆಯ ಡಿ5100 ಕ್ಯಾಮೆರಾದೊಂದಿಗೆ ಯಾವ ಲೆನ್ಸ್?

ಪ್ರಶ್ನೆ: ಬೆಟಗೇರಿ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ನನ್ನ ಬಳಿ ನಿಕಾನ್ ಡಿ5100 ಕ್ಯಾಮೆರಾ ಮತ್ತು ಅದರೊಂದಿಗೆ ಬಂದ 18-55 ಲೆನ್ಸ್ ಇವೆ. ಲಕ್ಕುಂಡಿಯ ಗುಡಿಗಳ ಚಿತ್ರಗಳು ಇದರಲ್ಲಿಯೇ ಚೆನ್ನಾಗಿ ಬರುತ್ತವೆ. ಆದರೆ ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಚುಕ್ಕೆಗಳಂತೆ ಕಾಣುತ್ತವೆಯೇ ಹೊರತು, ತಲೆಯ ಮೇಲಿನ ಎರಡು ಕಪ್ಪು ಪಟ್ಟೆಗಳು ಮಕ್ಕಳಿಗೆ ತೋರಿಸುವಷ್ಟು ಸ್ಪಷ್ಟವಾಗಿ ಮೂಡುವುದಿಲ್ಲ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಬಳಸಿದ, ದೂರದ್ದನ್ನು ಹತ್ತಿರ ತೋರಿಸುವ ನಿಕಾನ್ ಎಎಫ್-ಪಿ 70-300 ಮಿ.ಮೀ. ಲೆನ್ಸ್ ಕಡಿಮೆ ಬೆಲೆಗೆ ಸಿಗುತ್ತಿದೆ. ಅದನ್ನು ಕೊಳ್ಳಬಹುದೇ, ಅಥವಾ ಲೆನ್ಸ್ ಬದಲಿಸಲಾಗದ ನಿಕಾನ್ ಪಿ900ನಂತಹ ದೊಡ್ಡ ಜೂಮ್ ಕ್ಯಾಮೆರಾಕ್ಕೆ ಹೋಗುವುದು ಮೇಲೇ? ಕೆರೆಯ ದಂಡೆಯಲ್ಲಿ ಪವರ್ ಬ್ಯಾಂಕ್‌ನಿಂದ ಕ್ಯಾಮೆರಾ ಚಾರ್ಜ್ ಮಾಡಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಿರಿ.

ಉತ್ತರ: ಸಾಧನಕೇರಿ ದಂಡೆ, ಧಾರವಾಡ

ಅಕ್ಕೋರೆ, ದಯವಿಟ್ಟು ಆ ಲೆನ್ಸಿಗೆ ಮುಂಗಡ ಕೊಡಬೇಡಿರಿ. ಲೆನ್ಸ್ ಒಳ್ಳೆಯದೇ, ಆದರೆ ಎಎಫ್-ಪಿ ಲೆನ್ಸುಗಳ ಫೋಕಸ್ ಮೋಟರನ್ನು ನಡೆಸುವ ವ್ಯವಸ್ಥೆ ಡಿ5100ರಲ್ಲಿ ಇಲ್ಲ. ಆಟೋಫೋಕಸ್ ಹೋಗಲಿ, ಕೈಯಿಂದ ಉಂಗುರ ತಿರುಗಿಸಿದರೂ ಫೋಕಸ್ ಆಗುವುದಿಲ್ಲ, ಏಕೆಂದರೆ ಆ ಉಂಗುರವೂ ಮೋಟರಿನ ಮೂಲಕವೇ ಕೆಲಸ ಮಾಡುತ್ತದೆ. ಇನ್ನೊಂದು ಕಡೆ, ಹಳೆಯ ಎಎಫ್-ಡಿ ಲೆನ್ಸುಗಳಲ್ಲಿ ಮೋಟರೇ ಇರುವುದಿಲ್ಲ. ಅವು ಕ್ಯಾಮೆರಾದೊಳಗಿನ ಮೋಟರನ್ನು ನಂಬಿರುತ್ತವೆ, ಡಿ5100ರಲ್ಲಿ ಅದೂ ಇಲ್ಲದ ಕಾರಣ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಆದ್ದರಿಂದ ಲೆನ್ಸಿನ ಮೈಮೇಲೆ 'ಎಎಫ್-ಎಸ್' (ಡಿ5100 ನಡೆಸಬಲ್ಲ ಮೋಟರ್ ಒಳಗೇ ಇರುವ ಬಗೆ) ಎಂದು ಕೆತ್ತಿರುವುದನ್ನು ನೋಡಿಯೇ ಕೊಳ್ಳಿರಿ. ಎಎಫ್-ಎಸ್ 55-300 ವಿಆರ್ (ಕೈನಡುಕ ತಡೆಯುವ ವ್ಯವಸ್ಥೆ ಇರುವುದು) ಅಥವಾ ಎಎಫ್-ಎಸ್ 70-300 ವಿಆರ್ ನಿಮ್ಮ ಕ್ಯಾಮೆರಾಕ್ಕೆ ಸರಿಹೊಂದುತ್ತವೆ. ಡಿ5100ರ ಸೆನ್ಸರ್ (ಬೆಳಕನ್ನು ಚಿತ್ರವಾಗಿ ಹಿಡಿಯುವ ಭಾಗ) ಅಳತೆಯಿಂದಾಗಿ 300 ಮಿ.ಮೀ. ಲೆನ್ಸಿನ ನೋಟ ಫುಲ್ ಫ್ರೇಮ್ (ಇನ್ನೂ ದೊಡ್ಡ ಸೆನ್ಸರಿನ) ಕ್ಯಾಮೆರಾದ 450 ಮಿ.ಮೀ.ಗೆ ಸಮನಾಗುತ್ತದೆ.

ಉತ್ತರ: ಕೃಷ್ಣಮೃಗ, ರಾಣೆಬೆನ್ನೂರು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾನು ಇಲ್ಲಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಪಿ900 ಬಳಸುತ್ತೇನೆ. 2000 ಮಿ.ಮೀ.ಗೆ ಸಮನಾದ ನೋಟ ಕೊಡುವ ಆ ಕ್ಯಾಮೆರಾದಲ್ಲಿ, ನಿಂತ ಪ್ರಾಣಿ ಅಥವಾ ನೀರಿನ ಮೇಲೆ ಕುಳಿತ ಹಕ್ಕಿಯ ಗುರುತು ಹಿಡಿಯುವಂತಹ ಚಿತ್ರ ಖಂಡಿತ ಬರುತ್ತದೆ, ಪಾಠಕ್ಕೆ ಅಷ್ಟು ಸಾಕು. ಆದರೆ ಅದರ ಸೆನ್ಸರ್ ವಿಸ್ತೀರ್ಣ ಡಿ5100ರ ಸೆನ್ಸರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ; ಮುಂಜಾವಿನ ಮಂದ ಬೆಳಕಿನಲ್ಲಿ ಚಿತ್ರದಲ್ಲಿ ಕಾಳುಕಾಳಾದ ಒರಟುತನ ಎದ್ದು ಕಾಣುತ್ತದೆ, ಹಾರುವ ಹಕ್ಕಿಯನ್ನು ಹಿಂಬಾಲಿಸುವುದೂ ಕಷ್ಟ.

ಉತ್ತರ: ಶಿರಹಟ್ಟಿ ಹೊಲ

ನಾನು ಮಾಗಡಿಯ ಆಸುಪಾಸಿನವನು, ಆದ್ದರಿಂದ ಲೆನ್ಸಿಗಿಂತ ಮೊದಲು ಹೊತ್ತಿನ ಮಾತು ಹೇಳುತ್ತೇನೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ) ಸೇರಿದ ಮೇಲೆ ಕೆರೆಗೆ ದೊಡ್ಡ ದೊಡ್ಡ ಲೆನ್ಸ್ ಹೊತ್ತು ಬರುವವರನ್ನು ಕಾಣುತ್ತೇನೆ. ಅವರಲ್ಲಿ ಅನೇಕರು ಬಿಸಿಲೇರಿದ ಮೇಲೆ ಬಂದು, ಚಿತ್ರ ಮಸುಕಾಯಿತೆಂದು ಲೆನ್ಸನ್ನು ಬೈಯುತ್ತಾರೆ. ಬಿಸಿಲಿಗೆ ಕಾದ ನೆಲದಿಂದ ಏಳುವ ಝಳ, ದೂರದ ಹಕ್ಕಿ ಮತ್ತು ಕ್ಯಾಮೆರಾದ ನಡುವಿನ ಗಾಳಿಯಲ್ಲಿ ಬೆಳಕನ್ನು ಅಲುಗಾಡಿಸುತ್ತದೆ. ಎಷ್ಟೇ ಬೆಲೆಯ ಲೆನ್ಸ್ ಆದರೂ ಅದನ್ನು ಸರಿಪಡಿಸಲಾರದು. ಜೂಮ್ ಹೆಚ್ಚಿದಷ್ಟೂ ಆ ಅಲುಗಾಟವೂ ದೊಡ್ಡದಾಗಿ ಕಾಣುತ್ತದೆ. ಬೆಳಗಿನ ತಂಪಿನಲ್ಲಿ 300 ಮಿ.ಮೀ. ಕೊಡುವ ಚಿತ್ರವನ್ನು ಮಧ್ಯಾಹ್ನ 600 ಮಿ.ಮೀ. ಕೊಡುವುದಿಲ್ಲ. ಹೆಬ್ಬಾತುಗಳು ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿಬರುವಾಗ ದಂಡೆಯಲ್ಲಿ ಸುಮ್ಮನೆ ಕುಳಿತವರ ತಲೆಯ ಮೇಲೆಯೇ ಹಾದುಹೋಗುವುದುಂಟು. ಆಗ ಶಟರ್ ವೇಗ 1/1600 ಸೆಕೆಂಡ್ ಅಥವಾ ಇನ್ನೂ ಹೆಚ್ಚು ಇರಲಿ. ವಿಆರ್ ನಿಮ್ಮ ಕೈನಡುಕವನ್ನು ತಡೆಯುತ್ತದೆ, ರೆಕ್ಕೆಯ ಚಲನೆಯನ್ನಲ್ಲ. ಹಕ್ಕಿ ಹತ್ತಿರವಾಗಲೆಂದು ದಯವಿಟ್ಟು ಯಾರೂ ಅವುಗಳತ್ತ ನಡೆದು ಎಬ್ಬಿಸಬಾರದು. ಹಿಮಾಲಯ ದಾಟಿ ಬಂದ ಹಕ್ಕಿಗಳಿಗೆ ಇಲ್ಲಿ ವಿಶ್ರಾಂತಿ ಸಿಗಬೇಕು.

ಪ್ರಶ್ನೆ ಕೇಳಿದವರು: ಬೆಟಗೇರಿ ಅಕ್ಕೋರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಅಂಗಡಿಯವರಿಗೆ ಎಎಫ್-ಎಸ್ 55-300 ಹುಡುಕಲು ಹೇಳಿದ್ದೇನೆ. ಬಳಸಿದ ಲೆನ್ಸನ್ನು ಪರೀಕ್ಷಿಸುವುದು ಹೇಗೆ?

ಉತ್ತರ: ಸಾಧನಕೇರಿ ದಂಡೆ, ಧಾರವಾಡ

ಎರಡೂ ಬದಿಯ ಮುಚ್ಚಳ ತೆಗೆದು, ಮೊಬೈಲ್ ಟಾರ್ಚನ್ನು ಒಂದು ಬದಿಯಿಂದ ಓರೆಯಾಗಿ ಹಿಡಿದು ಇನ್ನೊಂದು ಬದಿಯಿಂದ ನೋಡಿರಿ. ಒಂದೆರಡು ಧೂಳಿನ ಕಣಗಳಿಂದ ತೊಂದರೆಯಿಲ್ಲ, ಆದರೆ ಬೇರಿನಂತೆ ಕವಲೊಡೆದ ಬಿಳಿ ಎಳೆಗಳು ಕಂಡರೆ ಅದು ಬೂಷ್ಟು, ಬೆಲೆ ಎಷ್ಟು ಇಳಿಸಿದರೂ ಬಿಟ್ಟುಬಿಡಿರಿ. ನಂತರ ನಿಮ್ಮ ಕ್ಯಾಮೆರಾಕ್ಕೇ ಹಾಕಿ, 300 ಮಿ.ಮೀ.ನಲ್ಲಿ ರಸ್ತೆಯಾಚೆಯ ಅಂಗಡಿಯ ಫಲಕದ ಚಿತ್ರ ತೆಗೆದು, ಅಕ್ಷರಗಳನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿರಿ. ಮನೆಗೆ ತಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ತೇವಾಂಶ ಶೇ. 40ರಿಂದ 50ರ ಸುಮಾರಿಗೆ ಇರುವಂತೆ ನೋಡಿಕೊಳ್ಳಿರಿ. ನಮ್ಮ ಧಾರವಾಡದ ಮಳೆಗಾಲದಲ್ಲಿ ಇದು ಇಲ್ಲದೆ ಲೆನ್ಸ್ ಉಳಿಯುವುದು ಕಷ್ಟ. ಗದಗಿನಲ್ಲಿ ತೇವಕ್ಕಿಂತ ಎರೆ ಹೊಲದ ಧೂಳು ದೊಡ್ಡ ಶತ್ರು, ಗಾಳಿಯಲ್ಲಿ ನಿಂತು ಲೆನ್ಸ್ ಬದಲಿಸಬೇಡಿರಿ.

ಪವರ್ ಬ್ಯಾಂಕಿನ ವಿಷಯ: ಡಿ5100 ತನ್ನೊಳಗಿನ ಬ್ಯಾಟರಿಯನ್ನು ಯುಎಸ್‌ಬಿ ಮೂಲಕ ಚಾರ್ಜ್ ಮಾಡಿಕೊಳ್ಳುವುದಿಲ್ಲ. ಇಎನ್-ಇಎಲ್14 ಬ್ಯಾಟರಿ ಹಿಡಿಸುವ ಯುಎಸ್‌ಬಿ ಚಾರ್ಜರ್ ಪ್ರತ್ಯೇಕವಾಗಿ ಸಿಗುತ್ತದೆ; ಅದಕ್ಕಿಂತಲೂ ಒಂದು ಬ್ಯಾಟರಿಯನ್ನು ಹೆಚ್ಚಿಗೆ ಇಟ್ಟುಕೊಳ್ಳುವುದು ಸುಲಭ.