ಫೋಕಸ್ ಎಂದರೆ ಮೊದಲು ಒಲೆ

ಮಕ್ಕಳಿಗೆ ನಾವು ದಿನಕ್ಕೆ ಹತ್ತು ಬಾರಿ ‘ಫೋಕಸ್ ಮಾಡು’ ಎನ್ನುತ್ತೇವೆ. ಆ ಮಾತಿನಲ್ಲಿ ‘ಮಾಡು’ ಎಂಬುದಷ್ಟೇ ಕನ್ನಡ. ಅದನ್ನು ಪೂರ್ತಿ ಕನ್ನಡದಲ್ಲಿ ಹೇಳು ಎಂದು ಮಗ ಕೇಳಿದಾಗ ‘ಗಮನ ಕೊಡು’ ಎಂದು ಉತ್ತರಿಸಿದೆನಾದರೂ, ಎರಡೂ ಒಂದೇ ಹೌದೇ ಎಂಬ ಅನುಮಾನ ಉಳಿದು ನಿಘಂಟು ತೆರೆಯಬೇಕಾಯಿತು.

ಲ್ಯಾಟಿನ್ ಭಾಷೆಯಲ್ಲಿ ಫೋಕಸ್ ಎಂದರೆ ಮನೆಯೊಳಗಿನ ಒಲೆ, ಬೆಂಕಿ ಉರಿಯುವ ಜಾಗ. ಬೆಂಕಿಗೆ ಇಗ್ನಿಸ್ ಎಂಬ ಬೇರೆಯೇ ಪದವಿತ್ತು (ಅದು ನಮಗೆ ಪರಿಚಿತವಾದ ‘ಅಗ್ನಿ’ಯ ದಾಯಾದಿ), ಆದರೆ ಆಡುಮಾತು ಕಾಲಕ್ರಮದಲ್ಲಿ ಅದನ್ನು ಕೈಬಿಟ್ಟು ಒಲೆಯ ಹೆಸರನ್ನೇ ಬೆಂಕಿಗೂ ಇಟ್ಟುಬಿಟ್ಟಿತು. ಇಟಾಲಿಯನ್ನಿನ ಫುವೊಕೊ, ಸ್ಪ್ಯಾನಿಷಿನ ಫುವೆಗೊ ಬಂದದ್ದು ಹೀಗೆ. ಇಂಗ್ಲಿಷಿನ ಫ್ಯುಯೆಲ್ (ಇಂಧನ), ಫಾಯೆ (foyer, ಕಟ್ಟಡದ ಮುಂಗೋಣೆ) ಎರಡೂ ಇದೇ ಒಲೆಯ ಸಂತಾನ. ರಾತ್ರಿ ಬೆಂಕಿಯನ್ನು ಮುಚ್ಚಿರೆಂದು ಗಂಟೆ ಬಾರಿಸುತ್ತಿದ್ದ ಮಧ್ಯಯುಗದ ಯುರೋಪಿನಿಂದ ಬಂದ ಕರ್ಫ್ಯೂ ಕೂಡ ಹಾಗೆಯೇ.

ಒಲೆಯನ್ನು ವಿಜ್ಞಾನಕ್ಕೆ ತಂದವರು ಖಗೋಳಜ್ಞ ಕೆಪ್ಲರ್. ದೃಗ್ವಿಜ್ಞಾನದ ಬಗ್ಗೆ 1604ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ಈ ಪದವನ್ನು ಗಣಿತದ ಅರ್ಥದಲ್ಲಿ ಬಳಸಿದರು. ಮಸೂರದ ಮೂಲಕ ಹಾದ ಬಿಸಿಲು ಒಂದೆಡೆ ಕೂಡಿ ಕಾಗದವನ್ನು ಸುಡುವ ಬಿಂದುವಿಗೆ ‘ಒಲೆ’ ಎಂಬ ಹೆಸರು ಎಷ್ಟು ಸೊಗಸಾಗಿ ಒಪ್ಪುತ್ತದೆಂಬುದನ್ನು ಮಗನಿಗೆ ವಿವರಿಸಬೇಕಾಗಲೇ ಇಲ್ಲ. ಒಂದು ಭೂತಗನ್ನಡಿ ಸಾಕಾಯಿತು. ಕಾಗದಕ್ಕೆ ತೀರ ಹತ್ತಿರ ಹಿಡಿದರೂ, ದೂರ ಹಿಡಿದರೂ ಬರಿಯ ಮಸುಕು ಬೆಳಕು. ಹಿಂದೆ ಮುಂದೆ ಸರಿಸುತ್ತ ಹೋದಾಗಲೇ ಆ ಚುಕ್ಕೆ ಸಿಗುವುದು. ಪದವನ್ನು ಮನಸ್ಸಿಗೆ ಅನ್ವಯಿಸಿದ್ದು ಬಹಳ ತಡವಾಗಿ. ಹಿಂದೆ ಮುಂದೆ ಸರಿಸಿ ಹುಡುಕುವ ಭಾಗವನ್ನು ಮಾತ್ರ ನಾವು ಮಕ್ಕಳಿಗೆ ಹೇಳುವುದೇ ಇಲ್ಲ ಎಂಬುದು ನನ್ನ ದೂರು.

ಕನ್ನಡದಲ್ಲಿ ಬಳಕೆಯಲ್ಲಿರುವ ಸಂಸ್ಕೃತ ಪದಗಳಲ್ಲಿ ಚಿತ್ರಗಳು ಬೇರೆ. ‘ಗಮನ’ದಲ್ಲಿ ಇರುವುದು ಹೋಗುವಿಕೆ, ‘ಲಕ್ಷ್ಯ’ದಲ್ಲಿ ಗುರಿ, ‘ಏಕಾಗ್ರತೆ’ಯಲ್ಲಿ ಒಂದೇ ತುದಿ. ಕಾನ್ಸಂಟ್ರೇಟ್ ಎಂಬುದಕ್ಕೆ ‘ಕೇಂದ್ರೀಕರಿಸು’ ಎನ್ನುವಾಗಲಂತೂ ನಾವು ಅರಿಯದೆ ಒಂದೇ ಬೇರಿನ ಎರಡು ಕೊಂಬೆಗಳನ್ನು ಹಿಡಿದಿರುತ್ತೇವೆ: ಚುಚ್ಚುವ ಮೊನೆ, ವೃತ್ತ ಬರೆಯುವ ಕೈವಾರದ ಊರುವ ಕಾಲು ಎಂಬ ಅರ್ಥದ ಗ್ರೀಕಿನ ಕೆಂಟ್ರೋನ್ ಪದವೇ ಜ್ಯೋತಿಷಗ್ರಂಥಗಳ ದಾರಿಯಲ್ಲಿ ಸಂಸ್ಕೃತಕ್ಕೆ ಬಂದು ‘ಕೇಂದ್ರ’ವಾಯಿತು, ಇನ್ನೊಂದು ದಾರಿಯಲ್ಲಿ ಲ್ಯಾಟಿನ್ನಿಗೆ ಹೋಗಿ ಸೆಂಟರ್ ಆಯಿತು.

ಹೀಗಾಗಿ ಮಗ ಕೇಳಿದ ‘ಪೂರ್ತಿ ಕನ್ನಡ’ ಇವುಗಳಲ್ಲಿ ಯಾವುದೂ ಅಲ್ಲ. ಅಚ್ಚಗನ್ನಡದಲ್ಲಿ ಇರುವುದು ಕಿವಿಗೊಡು, ಕಣ್ಣಿಡು ಎಂಬಂಥ ಮಾತುಗಳು. ಅವು ಅಮೂರ್ತವಾದ ಯಾವುದನ್ನೂ ಬೇಡದೆ, ಯಾವ ಅಂಗವನ್ನು ಎಲ್ಲಿ ಇಡಬೇಕೆಂಬುದನ್ನು ನೇರವಾಗಿ ಹೇಳುತ್ತವೆ, ಚಿಕ್ಕ ಮಕ್ಕಳಿಗೆ ಬೇಗ ಅರ್ಥವಾಗುತ್ತವೆ. ನಮ್ಮ ಮನೆಯಲ್ಲಿ ಈಗ ಓದಿ ಹೇಳುವಾಗ ‘ಕಿವಿಗೊಡು’, ಲೆಕ್ಕ ಮಾಡುವಾಗ ‘ಕಣ್ಣಿಡು’. ಮಸೂರದ ಫೋಕಸ್‌ಗೆ ಪಠ್ಯಪುಸ್ತಕದ ‘ಸಂಗಮ ಬಿಂದು’ ಇದೆ ಎಂದು ಹೇಳಿ ನೋಡಿದೆ. ‘ಒಲೆ’ಯೇ ಇರಲಿ ಎಂದ.