ಒಂದೇ ಬ್ಲಾಕ್‌ಗೆ ಎರಡು ಪಿಡಿ-ಎಲ್1 ಫಲಿತಾಂಶ: ಚಿಕಿತ್ಸೆಗೆ ಯಾವುದು ಆಧಾರ?

ಪ್ರಶ್ನೆ (ಪೆಥಾಲಜಿ ಸ್ನಾತಕೋತ್ತರ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ಶ್ವಾಸಕೋಶದ ನಾನ್‌ ಸ್ಮಾಲ್‌ ಸೆಲ್‌ ಕ್ಯಾನ್ಸರ್‌ ಇರುವ ರೋಗಿಯೊಬ್ಬರ ಬಯಾಪ್ಸಿ ಬ್ಲಾಕನ್ನು (ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶದ ತುಂಡನ್ನು) ಎರಡು ಪ್ರಯೋಗಾಲಯಗಳು ಪರೀಕ್ಷಿಸಿವೆ. ಮೊದಲನೆಯದು ಎಸ್‌ಪಿ142 ಕ್ಲೋನ್‌ (ಪ್ರೋಟೀನಿಗೆ ಅಂಟಿ ಅದನ್ನು ಬಣ್ಣದಲ್ಲಿ ತೋರಿಸುವ ಆ್ಯಂಟಿಬಾಡಿಯ ಒಂದು ಬಗೆ) ಬಳಸಿ, ಗೆಡ್ಡೆಯ ಜೀವಕೋಶಗಳಲ್ಲಿ ಶೇ 10ರಷ್ಟರಲ್ಲಿ ಮಾತ್ರ ಪಿಡಿ-ಎಲ್1 (ದೇಹದ ರಕ್ಷಣಾ ಕೋಶಗಳನ್ನು ತಡೆಯುವ ಪ್ರೋಟೀನ್‌) ಕಂಡಿದೆ ಎಂದಿದೆ. ಎರಡನೆಯದು 22ಸಿ3 ಬಳಸಿ ಶೇ 55 ಎಂದು ವರದಿ ಕೊಟ್ಟಿದೆ. ಕೀಮೋಥೆರಪಿ ಇಲ್ಲದೆ, ಆ ತಡೆಯನ್ನು ತೆಗೆಯುವ ಇಮ್ಯುನೊಥೆರಪಿ ಔಷಧವಾದ ಪೆಂಬ್ರೊಲಿಜುಮ್ಯಾಬ್‌ ಒಂದನ್ನೇ ಕೊಡಬಹುದೇ ಎಂಬ ನಿರ್ಧಾರ ಈ ಸಂಖ್ಯೆಯನ್ನು ಅವಲಂಬಿಸಿರುವುದರಿಂದ, ಚಿಕಿತ್ಸೆ ನೀಡುತ್ತಿರುವ ವೈದ್ಯರು ಯಾವ ವರದಿ ಸರಿ ಎಂದು ನಮ್ಮ ವಿಭಾಗವನ್ನು ಕೇಳಿದ್ದಾರೆ. ಎರಡರಲ್ಲಿ ಒಂದು ತಪ್ಪಾಗಿರಲೇಬೇಕೇ? ಅವರಿಗೆ ಹೇಗೆ ಉತ್ತರಿಸುವುದು ಸೂಕ್ತ?

ಉತ್ತರ 1 (ಪೆಥಾಲಜಿಸ್ಟ್‌)

ಎರಡೂ ವರದಿಗಳು ಸರಿಯಾಗಿರುವ ಸಾಧ್ಯತೆಯೇ ಹೆಚ್ಚು. ಪಿಡಿ-ಎಲ್1 ಪರೀಕ್ಷೆಗಳು ಒಂದೊಂದೂ ಒಂದೊಂದು ಔಷಧದ ಪ್ರಯೋಗದ ಜೊತೆಯಲ್ಲೇ ಬೆಳೆದು ಬಂದವು: ಪೆಂಬ್ರೊಲಿಜುಮ್ಯಾಬ್‌ಗೆ 22ಸಿ3, ನಿವೊಲುಮ್ಯಾಬ್‌ಗೆ 28-8, ಅಟೆಜೊಲಿಜುಮ್ಯಾಬ್‌ಗೆ ಎಸ್‌ಪಿ142, ದುರ್ವಲುಮ್ಯಾಬ್‌ಗೆ ಎಸ್‌ಪಿ263. ಇವನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದ ಬ್ಲೂಪ್ರಿಂಟ್‌ ಅಧ್ಯಯನದಲ್ಲಿ 22ಸಿ3, 28-8 ಮತ್ತು ಎಸ್‌ಪಿ263 ಬಹುಮಟ್ಟಿಗೆ ಒಂದೇ ರೀತಿ ವರ್ತಿಸಿದವು. ಎಸ್‌ಪಿ142 ಮಾತ್ರ ಗೆಡ್ಡೆಯ ಜೀವಕೋಶಗಳನ್ನು ಗಮನಾರ್ಹವಾಗಿ ಕಡಿಮೆ ಪ್ರಮಾಣದಲ್ಲಿ ಗುರುತಿಸಿತು. ನೀವು ವಿವರಿಸಿದ ವ್ಯತ್ಯಾಸ ಇದೇ ದಿಕ್ಕಿನಲ್ಲಿದೆ.

ಆದ್ದರಿಂದ ವೈದ್ಯರಿಗೆ "ಯಾವುದು ಸರಿ" ಎಂದು ಹೇಳುವ ಬದಲು "ನೀವು ಯೋಚಿಸುತ್ತಿರುವ ಔಷಧಕ್ಕೆ ಯಾವುದು ಅನ್ವಯಿಸುತ್ತದೆ" ಎಂದು ಹೇಳಬೇಕು. ಪೆಂಬ್ರೊಲಿಜುಮ್ಯಾಬ್‌ನ ಪ್ರಶ್ನೆಗೆ 22ಸಿ3 ಫಲಿತಾಂಶವೇ ಆಧಾರ. ಅದನ್ನು ಟಿಪಿಎಸ್‌ ಎಂಬ ಅಂಕದಲ್ಲಿ ಹೇಳುತ್ತೇವೆ: ಜೀವಂತ ಗೆಡ್ಡೆ ಕೋಶಗಳಲ್ಲಿ ಎಷ್ಟು ಶೇಕಡಾ ಕೋಶಗಳ ಪೊರೆಗೆ, ಭಾಗಶಃ ಆದರೂ ಸರಿ, ಬಣ್ಣ ಹಿಡಿದಿದೆ ಎಂಬ ಲೆಕ್ಕ ಅದು. ಪೆಂಬ್ರೊಲಿಜುಮ್ಯಾಬ್‌ ಒಂದನ್ನೇ ಕೊಡುವ ನಿರ್ಧಾರಕ್ಕೆ ಸಾಮಾನ್ಯವಾಗಿ ನೋಡುವ ಶೇ 50 ಎಂಬ ಗಡಿಯನ್ನು ನೀವು ಕೇಳಿರುತ್ತೀರಿ. ಸ್ತನ ಅಥವಾ ಜಠರದ ಕ್ಯಾನ್ಸರ್‌ಗೆ ಬಳಸುವ ಸಿಪಿಎಸ್‌ ಬೇರೆ. ಅಲ್ಲಿ ಬಣ್ಣ ಹಿಡಿದ ಲಿಂಫೋಸೈಟ್‌ ಮತ್ತು ಮ್ಯಾಕ್ರೊಫೇಜ್‌ಗಳೂ ಲೆಕ್ಕಕ್ಕೆ ಸೇರುತ್ತವೆ. ಯಾವ ಅಂಕವೆಂದು ಬರೆಯದೆ ಬರೀ "ಪಾಸಿಟಿವ್‌, 10" ಎಂದು ಹೊರಡುವ ವರದಿಯನ್ನು ನಾನು ಅಪಾಯಕಾರಿ ಎಂದೇ ಪರಿಗಣಿಸುತ್ತೇನೆ.

ಆದರೂ ಸಹಿ ಮಾಡುವ ಮುನ್ನ 22ಸಿ3 ಸ್ಲೈಡನ್ನು ನೀವೇ ಮತ್ತೊಮ್ಮೆ ನೋಡಿ. ಕನಿಷ್ಠ 100 ಜೀವಂತ ಗೆಡ್ಡೆ ಕೋಶಗಳಿವೆಯೇ? ಶ್ವಾಸಕೋಶದ ಗಾಳಿಚೀಲಗಳಲ್ಲಿರುವ ಮ್ಯಾಕ್ರೊಫೇಜ್‌ಗಳು ಪಿಡಿ-ಎಲ್1ಗೆ ಗಾಢವಾಗಿ ಬಣ್ಣ ಹಿಡಿಯುತ್ತವೆ. ಅವನ್ನು ಗೆಡ್ಡೆಯ ಕೋಶಗಳೆಂದು ಎಣಿಸಿದರೆ ಶೇ 40 ಇದ್ದದ್ದು ಶೇ 55 ಆಗಿಬಿಡಬಹುದು. ಕೋಶಗಳ ರೂಪ ತೋರಿಸುವ ಸಾಮಾನ್ಯ ಬಣ್ಣದ ಎಚ್‌ ಅಂಡ್‌ ಇ ಸ್ಲೈಡನ್ನು ಪಕ್ಕದಲ್ಲಿಟ್ಟುಕೊಂಡೇ ಓದಿ. ಗಡಿಯ ಆಸುಪಾಸಿನ ಪ್ರಕರಣವಾದ್ದರಿಂದ ಇನ್ನೊಬ್ಬರಿಂದ ಪ್ರತ್ಯೇಕವಾಗಿ ಓದಿಸುವುದೂ ಒಳಿತು.

ಉತ್ತರ 2 (ಹಿಸ್ಟೋಪೆಥಾಲಜಿ ಟೆಕ್ನಿಷಿಯನ್‌)

ಸರ್‌ ಹೇಳಿದ್ದಕ್ಕೆ ಪೂರಕವಾಗಿ, ಸೂಕ್ಷ್ಮದರ್ಶಕಕ್ಕೆ ಬರುವ ಮೊದಲಿನ ಹಂತಗಳ ಬಗ್ಗೆ ಬರೆಯುತ್ತಿದ್ದೇನೆ. ಅಂಗಾಂಶವನ್ನು ತಡಮಾಡದೆ ಶೇ 10ರ ನ್ಯೂಟ್ರಲ್‌ ಬಫರ್ಡ್‌ ಫಾರ್ಮಲಿನ್‌ಗೆ ಹಾಕಿ, 6ರಿಂದ 72 ಗಂಟೆಗಳ ಒಳಗೆ ಮುಂದಿನ ಸಂಸ್ಕರಣೆಗೆ ಕಳುಹಿಸಿರಬೇಕು. ಮೂಳೆಯ ಬಯಾಪ್ಸಿಯನ್ನು ಆಮ್ಲದಲ್ಲಿ ಮೆದುಗೊಳಿಸಿದ್ದರೆ ನೆಗೆಟಿವ್‌ ಫಲಿತಾಂಶವನ್ನು ನಂಬುವುದು ಕಷ್ಟ. ಕತ್ತರಿಸಿ ತಿಂಗಳುಗಟ್ಟಲೆ ಇಟ್ಟ ಸ್ಲೈಡ್‌ಗಳಲ್ಲಿ ಬಣ್ಣ ಕುಗ್ಗುತ್ತದೆ. ಮೂರು ವರ್ಷ ಮೀರಿದ ಬ್ಲಾಕ್‌ಗಳಲ್ಲೂ ಹಾಗಾಗಬಹುದು.

ಪ್ರತಿ ಸ್ಲೈಡಿನ ಮೇಲೂ ಟಾನ್ಸಿಲ್‌ ಕಂಟ್ರೋಲ್‌ (ಫಲಿತಾಂಶ ಮೊದಲೇ ಗೊತ್ತಿರುವ ಹೋಲಿಕೆಯ ಅಂಗಾಂಶ) ಇರಲಿ. ಅದರ ಕ್ರಿಪ್ಟ್‌ ಎಪಿಥೀಲಿಯಂ ಗಾಢವಾಗಿಯೂ, ಜರ್ಮಿನಲ್‌ ಸೆಂಟರ್‌ನ ಮ್ಯಾಕ್ರೊಫೇಜ್‌ಗಳು ಮಧ್ಯಮವಾಗಿಯೂ ಬಣ್ಣ ಹಿಡಿದಿರಬೇಕು. ಗಾಢವಾದದ್ದು ಮಾತ್ರ ಕಂಡು ಮಧ್ಯಮದ್ದು ಕಾಣದಿದ್ದರೆ ಆ ದಿನದ ಸ್ಟೈನಿಂಗ್‌ ದುರ್ಬಲವಾಗಿದೆ ಎಂದರ್ಥ.

ಇನ್ನೊಂದು ಮಾತು. ಶ್ವಾಸಕೋಶದ ಬಯಾಪ್ಸಿ ಚಿಕ್ಕದು. ಪ್ರತಿ ಪರೀಕ್ಷೆಗೂ ಬ್ಲಾಕನ್ನು ಮೈಕ್ರೋಟೋಮ್‌ಗೆ (ತೆಳು ಪದರ ಕತ್ತರಿಸುವ ಯಂತ್ರಕ್ಕೆ) ಮತ್ತೆ ಮತ್ತೆ ಏರಿಸಿದರೆ, ಮೇಲ್ಮೈ ಸಮ ಮಾಡುವುದರಲ್ಲೇ ಅಂಗಾಂಶ ಮುಗಿದುಹೋಗುತ್ತದೆ. ಇಜಿಎಫ್‌ಆರ್‌ ಮತ್ತು ಎಎಲ್‌ಕೆ ಪರೀಕ್ಷೆಗಳಿಗೂ ಸೇರಿಸಿ ಒಂದೇ ಸಲಕ್ಕೆ ಸೆಕ್ಷನ್‌ ಕತ್ತರಿಸಿಟ್ಟುಕೊಳ್ಳಿ. ಆ ಜೀನ್‌ಗಳಲ್ಲಿ ಬದಲಾವಣೆ ಇರುವವರಿಗೆ ಪಿಡಿ-ಎಲ್1 ಹೆಚ್ಚಿದ್ದರೂ ಇಮ್ಯುನೊಥೆರಪಿ ಅಷ್ಟಾಗಿ ಫಲ ಕೊಡುವುದಿಲ್ಲ, ಅವರಿಗೆ ಗುರಿಯಿಟ್ಟ ಔಷಧಗಳೇ ಮೊದಲ ಆಯ್ಕೆ. ಹೀಗಾಗಿ ಪಿಡಿ-ಎಲ್1 ಒಂದಕ್ಕೇ ಅಂಗಾಂಶವನ್ನು ಖರ್ಚು ಮಾಡುವುದು ರೋಗಿಗೆ ಅನ್ಯಾಯ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಸ್ಲೈಡನ್ನು ಮತ್ತೆ ಓದಿ, ಕ್ಲೋನ್‌ ಮತ್ತು ಅಂಕದ ಹೆಸರನ್ನು ಸ್ಪಷ್ಟವಾಗಿ ನಮೂದಿಸಿ ಉತ್ತರಿಸುತ್ತೇವೆ. ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಶಯವಿದೆ. ದೊಡ್ಡ ಕರುಳಿನ ಕ್ಯಾನ್ಸರ್‌ ಬ್ಲಾಕೊಂದಕ್ಕೂ ಪಿಡಿ-ಎಲ್1 ಮಾಡಿಕೊಡಿ ಎಂಬ ಕೋರಿಕೆ ಬಂದಿದೆ. ಅಲ್ಲಿ ಇದರಿಂದ ಉಪಯೋಗವಿದೆಯೇ?

ಉತ್ತರ 3 (ಜಠರ ಮತ್ತು ಕರುಳಿನ ಪೆಥಾಲಜಿಸ್ಟ್‌)

ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಇಮ್ಯುನೊಥೆರಪಿಯನ್ನು ನಿರ್ಧರಿಸುವುದು ಪಿಡಿ-ಎಲ್1 ಅಲ್ಲ, ಡಿಎನ್‌ಎ ದೋಷ ಸರಿಪಡಿಸುವ ಎಂಎಂಆರ್‌ ಪ್ರೋಟೀನ್‌ಗಳ ಸ್ಥಿತಿ. ಅಮೆರಿಕದ ಎಫ್‌ಡಿಎ 2017ರ ಮೇ ತಿಂಗಳಲ್ಲಿ, ಗೆಡ್ಡೆ ಯಾವ ಅಂಗದ್ದೆಂಬುದನ್ನು ಲೆಕ್ಕಿಸದೆ, ಈ ಪ್ರೋಟೀನ್‌ಗಳಲ್ಲಿ ದೋಷವಿರುವ ಮುಂದುವರಿದ ಕ್ಯಾನ್ಸರ್‌ಗಳಿಗೆ ಪೆಂಬ್ರೊಲಿಜುಮ್ಯಾಬ್‌ ಬಳಸಲು ಅನುಮತಿ ನೀಡಿತು. ಕೋರಿಕೆ ಕಳುಹಿಸಿದ ವೈದ್ಯರೊಂದಿಗೆ ಮಾತನಾಡಿ ಅದನ್ನು ಎಂಎಂಆರ್‌ ಪರೀಕ್ಷೆಗೆ ಬದಲಿಸಿಕೊಳ್ಳಿ.

ಎಂಎಲ್‌ಎಚ್‌1, ಪಿಎಂಎಸ್‌2, ಎಂಎಸ್‌ಎಚ್‌2, ಎಂಎಸ್‌ಎಚ್‌6 ಎಂಬ ನಾಲ್ಕನ್ನೂ ಮಾಡಿ. ಇವು ಜೋಡಿಯಾಗಿ ಕೆಲಸ ಮಾಡುವುದರಿಂದ ಎಂಎಲ್‌ಎಚ್‌1 ಹೋದರೆ ಸಾಮಾನ್ಯವಾಗಿ ಪಿಎಂಎಸ್‌2 ಕೂಡ ಹೋಗುತ್ತದೆ. ಆದರೆ ಪಿಎಂಎಸ್‌2 ಒಂದೇ ಹೋಗಿ ಎಂಎಲ್‌ಎಚ್‌1 ಉಳಿದಿರಬಹುದು. ಎಂಎಲ್‌ಎಚ್‌1 ಇಲ್ಲವೆಂದು ಕಂಡರೆ ಬಿಆರ್‌ಎಎಫ್‌ ಜೀನಿನ ವಿ600ಇ ಬದಲಾವಣೆ ಅಥವಾ ಎಂಎಲ್‌ಎಚ್‌1 ಜೀನನ್ನು ನಿಷ್ಕ್ರಿಯಗೊಳಿಸುವ ಪ್ರೊಮೋಟರ್‌ ಮಿಥೈಲೇಷನ್‌ ಇದೆಯೇ ಎಂದು ನೋಡಬೇಕು. ಅವೆರಡೂ ಇಲ್ಲದಿದ್ದರೆ ವಂಶಪಾರಂಪರ್ಯದ ಲಿಂಚ್‌ ಸಿಂಡ್ರೋಮ್‌ ಇರಬಹುದೇ ಎಂದು ಜೆನೆಟಿಕ್‌ ಕೌನ್ಸೆಲಿಂಗ್‌ಗೆ ಸೂಚಿಸಬೇಕು. ಆಗ ನಿಮ್ಮ ವರದಿ ಕುಟುಂಬದ ಇತರರಿಗೂ ಸಂಬಂಧಿಸಿದ್ದಾಗುತ್ತದೆ.

ಓದುವಾಗ ಗೆಡ್ಡೆಯ ಸುತ್ತಲಿನ ಲಿಂಫೋಸೈಟ್‌ ಮತ್ತು ಸ್ಟ್ರೋಮಾ ಕೋಶಗಳ ನ್ಯೂಕ್ಲಿಯಸ್‌ಗೆ ಬಣ್ಣ ಬಂದಿದೆಯೇ ಎಂದು ಮೊದಲು ನೋಡಿ. ಅಲ್ಲಿಯೂ ಬಂದಿಲ್ಲವೆಂದರೆ ಅದನ್ನು ಪ್ರೋಟೀನ್‌ ನಷ್ಟವೆಂದು ಬರೆಯಬೇಡಿ. ಬೇರೆ ಬ್ಲಾಕ್‌ನಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಿ, ಆಗಲೂ ಸ್ಪಷ್ಟವಾಗದಿದ್ದರೆ ಅದೇ ದೋಷವನ್ನು ಡಿಎನ್‌ಎಯಲ್ಲೇ ಹುಡುಕುವ ಮೈಕ್ರೊಸ್ಯಾಟಲೈಟ್‌ ಪಿಸಿಆರ್‌ಗೆ ಕಳುಹಿಸಿ.